ಅಲಮೇಲಮ್ಮನ ಮರಳು

ನಮ್ಮ ಸೀಮೆಯಲ್ಲಿ ಮಕ್ಕಳನ್ನು ಹೆದರಿಸುವುದಕ್ಕೆ ಗುಮ್ಮನ ಅವಶ್ಯಕತೆಯಿಲ್ಲ. ಬೇರೆ ಊರುಗಳ ತಾಯಂದಿರು ಗುಮ್ಮನನ್ನೋ ಬುಡಬುಡಿಕೆಯವನನ್ನೋ ಕರೆಯುವ ಹೊತ್ತಿನಲ್ಲಿ, ಕಾವೇರಿಯ ದಡದ ನಮ್ಮ ಅವ್ವಂದಿರು ಅಲಮೇಲಮ್ಮನನ್ನು ಕರೆಯುತ್ತಾರೆ. ಮುಸ್ಸಂಜೆಯಲ್ಲಿ ಹೊಳೆಯ ಕಡೆಗೆ ಹೋದರೆ ಅಲಮೇಲಮ್ಮ ಎಳೆದುಕೊಳ್ಳುತ್ತಾಳೆ; ಸುಳ್ಳು ಹೇಳಿದರೆ ಅಲಮೇಲಮ್ಮನ ಕಿವಿಗೆ ಬೀಳುತ್ತದೆ; ಉಣ್ಣದೆ ಹಟ ಮಾಡಿದರೆ ಅಲಮೇಲಮ್ಮ ತಟ್ಟೆಗೆ ಮರಳು ಸುರಿಯುತ್ತಾಳೆ. ಈ ಮೂರನೆಯದು ನಮ್ಮ ಅಜ್ಜಿಯೇ ಹೊಸದಾಗಿ ಕಟ್ಟಿದ್ದೆಂದು ನನಗೆ ಗುಮಾನಿ. ಅದೇನೇ ಇರಲಿ, ನಾನು ಚಿಕ್ಕಂದಿನಲ್ಲಿ ತಟ್ಟೆಯಲ್ಲಿ ಅಗುಳು ಬಿಟ್ಟವಳಲ್ಲ.

ನಮ್ಮದು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ನಾಲೆಯ ಬಯಲಿನ ಒಂದು ಸಣ್ಣ ಹಳ್ಳಿ. ತಲಕಾಡಿಗೆ ನಡೆದೇ ಹೋಗಿ ಬರಬಹುದು. ಅಜ್ಜಿ ಇಂದಿಗೂ ಹೆಬ್ಬೆಟ್ಟು ಒತ್ತುವವಳು. ಅಪ್ಪ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ನೇಗಿಲು ಹಿಡಿದವರು. ಬಿ.ಎ. ತರಗತಿಯ ಬಾಗಿಲನ್ನು ಕಂಡವಳು ನಮ್ಮ ಮನೆತನದಲ್ಲಿ ನಾನೇ ಮೊದಲು. ಹೆಮ್ಮೆಗಾಗಿ ಇದನ್ನು ಹೇಳುತ್ತಿಲ್ಲ. ಇಲ್ಲಿ ತರಗತಿಯಲ್ಲಿ ಕೇಳಿದ್ದನ್ನು ಅಲ್ಲಿ ಜಗುಲಿಯ ಮೇಲೆ ಒಪ್ಪಿಸಬೇಕಾಗಿ ಬಂದಾಗ ನಮ್ಮಂಥವರ ಪಾಡೇನಾಗುತ್ತದೆಂಬುದನ್ನು ಈ ಸಂಚಿಕೆಯನ್ನು ಓದುವ ಎಷ್ಟೋ ಮಂದಿ ಸಹಪಾಠಿಗಳು ಬಲ್ಲರು. ಪರೀಕ್ಷೆಯಲ್ಲಿ ಉತ್ತರ ಬರೆದು ಪಾರಾಗಬಹುದು, ಅಜ್ಜಿಯಿಂದ ಪಾರಾಗುವುದು ಕಷ್ಟ.

ಕಥೆಯನ್ನು ಅರಿಯದವರು ಮೈಸೂರು ಸೀಮೆಯಲ್ಲಿ ಇರಲಾರರು. ಆದರೂ ದೂರದ ಜಿಲ್ಲೆಗಳಿಂದ ಬಂದು ಇಲ್ಲಿ ಓದುತ್ತಿರುವ ಮಿತ್ರರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ವಿಜಯನಗರದ ಅರಸರ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣವನ್ನು ಆಳುತ್ತಿದ್ದ ಶ್ರೀರಂಗರಾಯನಿಗೆ ಬೆನ್ನಿನ ಮೇಲೆ ವಾಸಿಯಾಗದ ಹುಣ್ಣೆದ್ದಿತು. ವಾಸಿಮಾಡುವ ದೇವರೆಂದರೆ ತಲಕಾಡಿನ ವೈದ್ಯೇಶ್ವರ. ತಲ ಮತ್ತು ಕಾಡ ಎಂಬ ಇಬ್ಬರು ಬೇಡರು ಆನೆಗಳು ಪೂಜಿಸುತ್ತಿದ್ದ ಮರವೊಂದಕ್ಕೆ ಕೊಡಲಿಯಿಟ್ಟರಂತೆ. ಮರದಿಂದ ರಕ್ತ ಚಿಮ್ಮಿತಂತೆ. ಅದೇ ಮರದ ಎಲೆಯನ್ನು ಗಾಯಕ್ಕೆ ಇಟ್ಟಾಗ ರಕ್ತ ನಿಂತಿತಂತೆ. ತನಗೆ ತಾನೇ ಮದ್ದು ಮಾಡಿಕೊಂಡ ದೇವರಾದ್ದರಿಂದ ವೈದ್ಯೇಶ್ವರನೆಂದು ಹೆಸರಾಯಿತು. ರಾಯನು ಅಲ್ಲಿಗೆ ಹೋದನು. ಅವನ ರೋಗ ಗುಣವಾಗುವ ಹಾಗೆ ಕಾಣದೆ, ಮಡದಿ ಅಲಮೇಲಮ್ಮನೂ ಪಟ್ಟಣವನ್ನು ಮೈಸೂರಿನ ರಾಜ ಒಡೆಯರಿಗೆ ಒಪ್ಪಿಸಿ ಗಂಡನ ಬಳಿಗೆ ಹೊರಟಳು. ರಾಯ ತೀರಿಕೊಂಡ. ಅಲಮೇಲಮ್ಮನ ಬಳಿ ಮುತ್ತಿನ ನತ್ತೊಂದಿತ್ತು; ಮಂಗಳವಾರ ಶುಕ್ರವಾರಗಳಲ್ಲಿ ಅದು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರ ಮೂಗಿನಲ್ಲಿ ಇರಬೇಕು. ದೇವಸ್ಥಾನದವರು ಒಡವೆ ಬೇಕೆಂದರು, ಒಡೆಯರು ಆಳುಗಳನ್ನು ಕಳುಹಿಸಿದರು. ಆಕೆ ನತ್ತನ್ನು ಕೊಟ್ಟಳು. ಉಳಿದ ಒಡವೆಗೂ ಬಂದರು. ಆಗ ಅವಳು ಒಡವೆಯ ಗಂಟನ್ನು ಮಡಿಲಿಗೆ ಕಟ್ಟಿಕೊಂಡು ಓಡಿ, ಮಾಲಂಗಿಗೆ ಎದುರಾಗಿ ಹೊಳೆಗೆ ಹಾರಿಕೊಂಡಳು. ಹಾರುವ ಮುಂಚೆ, ತಲಕಾಡು ಮರಳಾಗಲೆಂದೂ, ಮಾಲಂಗಿ ಮಡುವಾಗಲೆಂದೂ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲೆಂದೂ ಶಪಿಸಿದಳು.

ಅಜ್ಜಿಯ ಬಾಯಲ್ಲಿ ಈ ಕಥೆಗೆ ಇನ್ನಷ್ಟು ಕೈಕಾಲುಗಳಿವೆ. ಹಿಂದಿನಿಂದ ಬಂದ ಆಳೊಬ್ಬ ಅಲಮೇಲಮ್ಮನ ಜಡೆಗೆ ಕೈಹಾಕಿದನಂತೆ. ಹೆಣ್ಣು ನೀರಿಗೆ ಹೋಯಿತು, ಜಡೆ ಅವನ ಕೈಯಲ್ಲಿ ಉಳಿಯಿತು. ಅದು ಹಾವಿನ ಹಾಗೆ ಅವನ ಮುಂಗೈಗೆ ಸುತ್ತಿಕೊಂಡಿತು. ಅಮಾವಾಸ್ಯೆಯ ರಾತ್ರಿ ಮಡುವಿನ ಕಡೆಯಿಂದ ಗೆಜ್ಜೆಯ ಸದ್ದು ಕೇಳುವುದು, ನಡುರಾತ್ರಿಯಲ್ಲಿ ದಿಣ್ಣೆಯ ಮೇಲಿನ ಮರಳು ತಾನಾಗಿ ಜರಗುವುದು, ಇವೆಲ್ಲ ಅವಳೇ ಕಿವಿಯಾರೆ ಕೇಳಿದ ಸಂಗತಿಗಳು. ಮರಳು ಜರಗುವುದಂತೂ ನಿಜ. ಅದಕ್ಕೆ ನಡುರಾತ್ರಿಯೇ ಆಗಬೇಕಾಗಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

2013ರ ಕೊನೆಯಲ್ಲಿ ತಲಕಾಡಿನಲ್ಲಿ ಪಂಚಲಿಂಗದರ್ಶನ ನಡೆಯಿತು. ನನಗಾಗ ಎಂಟು ವರ್ಷ. ಕಾರ್ತಿಕ ಸೋಮವಾರದಂದು ಗ್ರಹನಕ್ಷತ್ರಗಳ ಯೋಗ ಕೂಡಿಬಂದಾಗ ಮಾತ್ರ ನಡೆಯುವ ಈ ದರ್ಶನಕ್ಕಾಗಿ, ಮರಳನ್ನು ತೋಡಿ ತೆಗೆದು ದೇವಾಲಯಗಳಿಗೆ ದಾರಿ ಮಾಡುತ್ತಾರೆ. ವೈದ್ಯೇಶ್ವರ, ಅರ್ಕೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಮಲ್ಲಿಕಾರ್ಜುನ ಎಂದು ಐದು ಲಿಂಗಗಳು. ಅಪ್ಪನ ಹೆಗಲ ಮೇಲೆ ಕುಳಿತು ಜನಜಾತ್ರೆಯ ನಡುವೆ ಪಾತಾಳೇಶ್ವರಕ್ಕೆ ಇಳಿದದ್ದು ನೆನಪಿದೆ. ಇಡೀ ಗುಡಿಯೇ ಒಂದು ಗುಂಡಿಯೊಳಗಿತ್ತು. ಸುತ್ತ ಮರಳಿನ ಗೋಡೆ, ಮೇಲೆ ಮರಗಳ ಬೇರು. ಇದಾದ ಮೇಲೆ ಡಿಸೆಂಬರ್ 10ರಂದು ಶ್ರೀಕಂಠದತ್ತ ನರಸಿಂಹರಾಜ ಒಡೆಯರು ತೀರಿಕೊಂಡ ಸುದ್ದಿ ಬಂದಿತು. ಅವರಿಗೆ ಮಕ್ಕಳಿರಲಿಲ್ಲ. ನಮ್ಮೂರ ಅರಳಿಕಟ್ಟೆಯಲ್ಲಿ ಆ ವಾರವೆಲ್ಲ ಬೇರೆ ಮಾತಿಲ್ಲ. ಮರಳು ಕೆದಕಿದ್ದರಿಂದ ಅಲಮೇಲಮ್ಮ ಎಚ್ಚೆತ್ತಳೆಂದು ಕೆಲವರು, ಶಾಪದ ಬಾಕಿ ಇಲ್ಲಿಗೆ ಚುಕ್ತಾ ಆಯಿತೆಂದು ಕೆಲವರು. ಎಂಟು ವರ್ಷದ ಹುಡುಗಿಗೆ ರಾತ್ರಿ ನಿದ್ದೆ ಬರಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಆದರೆ ನನಗೆ ಈ ಕಥೆಯಲ್ಲಿ ಇರುವ ಆಸಕ್ತಿ ದೊರೆಗಳ ಕಾರಣದಿಂದಲ್ಲ, ನಮ್ಮ ಚಿಕ್ಕವ್ವನ ಕಾರಣದಿಂದ. ಅವ್ವನ ತಂಗಿಯಾದ ಆಕೆಯನ್ನು ಹೊಳೆಯಾಚೆಯ ಊರಿಗೆ ಕೊಟ್ಟಿತ್ತು. ಆರು ವರ್ಷ ಬಸಿರು ನಿಲ್ಲಲಿಲ್ಲ. ಆಸ್ಪತ್ರೆಗೆ ಇಬ್ಬರನ್ನೂ ಕರೆದುಕೊಂಡು ಹೋಗಬೇಕೆಂದು ಅಪ್ಪ ಹೇಳಿದರೆ, ಗಂಡನ ಮನೆಯವರು ಶಾಸ್ತ್ರ ಕೇಳಿಸಲು ಹೋದರು. ಮದುವೆಯಾದ ಹೊಸದರಲ್ಲಿ ಚಿಕ್ಕವ್ವ ತಾಳಿ ಓಲೆಗಳ ಸಮೇತ ಮಡುವಿನಲ್ಲಿ ಮುಳುಗು ಹಾಕಿದ್ದಳೆಂದೂ, ಒಡವೆಯ ಹೆಣ್ಣನ್ನು ಕಂಡ ಅಲಮೇಲಮ್ಮನ ದೃಷ್ಟಿ ತಾಗಿತೆಂದೂ, ದೊರೆಗಳಿಗೆ ತಟ್ಟಿದ್ದೇ ಇವಳಿಗೂ ತಟ್ಟಿದೆಯೆಂದೂ ಶಾಸ್ತ್ರದವನು ಹೇಳಿದ. ಮುಂದಿನ ವರ್ಷ ಆ ಮನೆಗೆ ಎರಡನೆಯ ಸೊಸೆ ಬಂದಳು. ಚಿಕ್ಕವ್ವ ತನ್ನ ಟ್ರಂಕಿನೊಡನೆ ನಮ್ಮ ಮನೆಗೆ ಬಂದಳು. ಈಗ ಹನ್ನೊಂದು ವರ್ಷವಾಯಿತು. ನಾಟಿಗೆ, ಕಳೆಗೆ, ಕೊಯ್ಲಿಗೆ ಅವಳಿಲ್ಲದೆ ನಮ್ಮ ಮನೆ ನಡೆಯದು. ಮದುವೆಮನೆಗಳಲ್ಲಿ ಮಾತ್ರ ಆರತಿ ತಟ್ಟೆ ಅವಳ ಕೈಗೆ ಬರುವುದಿಲ್ಲ.

ಎರಡನೆಯ ವರ್ಷದ ಬಿ.ಎ.ಯಲ್ಲಿ ನಮ್ಮ ಇತಿಹಾಸದ ಅಧ್ಯಾಪಕರು ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಒಂದು ಐತಿಹ್ಯವನ್ನು ಹಿಡಿದು ಅದರ ಹಿಂದಿನ ಇತಿಹಾಸವನ್ನು ಹುಡುಕಬೇಕೆಂದರು. ನಾನು ಎದ್ದು ನಿಂತು ತಲಕಾಡಿನ ಶಾಪ ಎಂದೆ. ತರಗತಿಯಲ್ಲಿ ನಗು ಹರಡಿತು. ಅವರು ನಗಲಿಲ್ಲ. ಶಾಪ ಸುಳ್ಳೆಂದು ಬರೆದು ಮುಗಿಸುವುದಾದರೆ ಒಂದು ಸಾಲು ಸಾಕಮ್ಮ, ಆ ಕಾಲದಲ್ಲಿ ಏನೇನು ನಡೆಯಿತೆಂಬುದನ್ನು ನೋಡಿಕೊಂಡು ಬಾ ಎಂದರು. ಆ ವರ್ಷ ನಮ್ಮ ಗ್ರಂಥಭಂಡಾರದ ಹಿಂದಿನ ಕಪಾಟುಗಳ ಧೂಳನ್ನು ನನ್ನಷ್ಟು ಸೇವಿಸಿದವರು ಯಾರೂ ಇರಲಾರರು.

ಮೊದಲನೆಯ ತೊಡಕು ಹೆಸರಿನದು. ಕಥೆಯ ಶ್ರೀರಂಗರಾಯ ಚರಿತ್ರೆಯ ಪುಸ್ತಕದಲ್ಲಿ ತಿರುಮಲರಾಜನಾಗಿ ಕಾಣಿಸಿಕೊಳ್ಳುತ್ತಾನೆ. 1565ರ ರಕ್ಕಸತಂಗಡಿ ಯುದ್ಧದಲ್ಲಿ ಹಂಪೆ ಹಾಳಾದ ತರುವಾಯ ಅರವೀಡು ವಂಶದವರು ಪೆನುಗೊಂಡೆಗೂ ಆಮೇಲೆ ಚಂದ್ರಗಿರಿಗೂ ಸರಿದರು. ಅಲ್ಲಿಂದ ಆಳಿದ ವೆಂಕಟಪತಿರಾಯನಿಗೆ ಈ ತಿರುಮಲ ಅಣ್ಣನ ಮಗ. ಚಿಕ್ಕಪ್ಪನಿಗೂ ಮಗನಿಗೂ ಹೊಂದಾಣಿಕೆ ಇರಲಿಲ್ಲ, ರಾಜಧಾನಿ ದೂರ, ಕೈಕೆಳಗಿನ ಪಾಳೆಯಗಾರರು ಒಬ್ಬೊಬ್ಬರಾಗಿ ತಲೆಯೆತ್ತುತ್ತಿದ್ದರು. ಅವರಲ್ಲಿ ಒಬ್ಬರು 1578ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದ ರಾಜ ಒಡೆಯರು. ಅವರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು, ರಾಜಧಾನಿಯನ್ನು ಅಲ್ಲಿಗೇ ಸಾಗಿಸಿದರು, ಅದೇ ವರ್ಷ ವಿಜಯನಗರದ ಮಾದರಿಯಲ್ಲಿ ನವರಾತ್ರಿಯ ಉತ್ಸವವನ್ನೂ ಆರಂಭಿಸಿದರು. ಇಂದು ಲಕ್ಷಾಂತರ ಮಂದಿ ನೋಡುವ ದಸರೆಗೆ ಅದೇ ಮೊದಲು. 1612ರಲ್ಲಿ ವೆಂಕಟಪತಿರಾಯನೂ ಒಪ್ಪಿಗೆಯ ಮುದ್ರೆ ಹಾಕಿದ.

ತಿರುಮಲರಾಜ ಪಟ್ಟಣವನ್ನು ಬಿಟ್ಟದ್ದು ಹೇಗೆಂಬುದರಲ್ಲಿ ಎರಡು ಬಗೆಯ ಹೇಳಿಕೆಗಳಿವೆ. ರೋಗಿಷ್ಠನಾದ ಮುದುಕ ತಾನಾಗಿಯೇ ರಾಜ ಒಡೆಯರಿಗೆ ಒಪ್ಪಿಸಿಕೊಟ್ಟು ತಲಕಾಡಿಗೆ ಹೋದನೆಂಬುದು ಒಂದು. ಬಿಡುವಂತೆ ಮಾಡಿದರೆಂಬುದು ಇನ್ನೊಂದು. ಗೆದ್ದವರ ಕಡೆಯಿಂದ ಬರೆದ ಚರಿತ್ರೆಯಲ್ಲಿ ಸೋತವರು ಯಾವಾಗಲೂ ತಾವಾಗಿಯೇ ಬಿಟ್ಟುಕೊಟ್ಟಿರುತ್ತಾರೆ. ನನಗಂತೂ ಎರಡನೆಯದೇ ಸಹಜವಾಗಿ ತೋರುತ್ತದೆ. ಒಂದು ರಾಜ್ಯ ಕೈಬದಲಾಯಿತು. ಹಳೆಯ ಅರಸನ ವಿಧವೆ ಒಂದಿಷ್ಟು ಒಡವೆಯೊಡನೆ ಹಾದಿಯಲ್ಲಿ ನಿಂತಳು. ಅದು ದೇವರದೋ ಅವಳದೋ ಎಂಬ ಜಗಳ ಹುಟ್ಟಿತು. ಇಷ್ಟನ್ನು ನಂಬುವುದಕ್ಕೆ ಮಂತ್ರ ಮಾಟಗಳ ಅಗತ್ಯವೇ ಇಲ್ಲ. ನಮ್ಮ ಚಿಕ್ಕವ್ವನ ಟ್ರಂಕು ಬಂದಾಗಲೂ ಅವಳ ಎರಡು ಎಳೆ ಸರ ಯಾರದೆಂಬ ಜಗಳ ಮೂರು ವರ್ಷ ನಡೆಯಿತು.

ಇಷ್ಟಕ್ಕೂ ಈ ಕಥೆಯನ್ನು ಹಳ್ಳಿಯವರು ಮಾತ್ರ ಹೇಳಿಕೊಂಡು ಬಂದಿದ್ದರೆ ಬೇರೆ ಮಾತಾಗಿತ್ತು. ಅರಮನೆಯವರೇ ಅಲಮೇಲಮ್ಮನ ವಿಗ್ರಹವನ್ನು ಮಾಡಿಸಿ, ನವರಾತ್ರಿಯಲ್ಲಿ ಪೂಜೆ ಸಲ್ಲಿಸಿಕೊಂಡು ಬಂದರು. ಗೆದ್ದ ಮನೆಯ ಅತಿ ದೊಡ್ಡ ಹಬ್ಬದಲ್ಲಿ, ಸೋತ ಮನೆಯ ಹೆಂಗಸಿಗೆ ಆರತಿ! ಏನೂ ನಡೆದೇ ಇಲ್ಲವೆನ್ನುವವರು ಇದಕ್ಕೆ ಏನು ಹೇಳುತ್ತಾರೋ ಕಾಣೆ. ರಾಜ ಒಡೆಯರ ಮನೆಯಲ್ಲಿಯೂ ಆಗ ಸಾವಿನ ಮೇಲೆ ಸಾವು. ಮೊದಲ ನವರಾತ್ರಿಯ ಹೊತ್ತಿಗೇ ಮಗ ನರಸರಾಜರು ತೀರಿಕೊಂಡರೆಂದೂ, ಉತ್ಸವವನ್ನು ನಿಲ್ಲಿಸಲಿಲ್ಲವೆಂದೂ ಹೇಳುತ್ತಾರೆ. 1617ರಲ್ಲಿ ರಾಜ ಒಡೆಯರು ತೀರಿಕೊಂಡಾಗ ಪಟ್ಟಕ್ಕೆ ಬಂದವನು ಮಗನಲ್ಲ, ಮೊಮ್ಮಗ. ಮಕ್ಕಳನ್ನು ಕಳೆದುಕೊಂಡ ಮುದಿ ತಂದೆಗೆ ಹೊಳೆಗೆ ಬಿದ್ದ ಹೆಂಗಸಿನ ನೆನಪು ಹೇಗೆ ಬಂದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನು ಶಾಪದ ಮೂರನೆಯ ಮಾತು. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಮಕ್ಕಳಿಲ್ಲವೆಂದು ನಮ್ಮ ಕಡೆ ಹೇಳುತ್ತಾರೆ. ನಾನು ಒಂದು ನೋಟ್‌ಪುಸ್ತಕದಲ್ಲಿ ಅರಸರ ಪಟ್ಟಿಯನ್ನೇ ಬರೆದುಕೊಂಡು ಕುಳಿತೆ. ಚಿಕ್ಕದೇವರಾಜ ಒಡೆಯರ ತರುವಾಯ 1704ರಲ್ಲಿ ಅವರ ಮಗ ಎರಡನೆಯ ಕಂಠೀರವ, 1714ರಲ್ಲಿ ಆತನ ಮಗ ಕೃಷ್ಣರಾಜ: ಒಂದರ ಮೇಲೊಂದು ಮೂರು ತಲೆಮಾರು ಬಿಟ್ಟು ಹೋಗದೆ ನಡೆಯಿತು. ಶಾಪ ಆಗ ಮಲಗಿತ್ತೆನ್ನಬೇಕೇ? ಎರಡನೆಯ ಕೃಷ್ಣರಾಜರ ಮಗ ನಂಜರಾಜ 1766ರಲ್ಲಿ ಪಟ್ಟಕ್ಕೆ ಬಂದ. ಅವನ ಮೇಲೆ ಅವನ ತಮ್ಮ. 1799ರಲ್ಲಿ ಐದು ವರ್ಷದ ಮಗುವಾಗಿ ಸಿಂಹಾಸನ ಏರಿದ ಮುಮ್ಮಡಿ ಕೃಷ್ಣರಾಜರು ಖಾಸಾ ಚಾಮರಾಜ ಒಡೆಯರ ಮಗ. 1894ರಲ್ಲಿ ಬಂದ ನಾಲ್ವಡಿ ಕೃಷ್ಣರಾಜರು ಚಾಮರಾಜೇಂದ್ರ ಒಡೆಯರ ಮಗ. 1953ರಲ್ಲಿ ಹುಟ್ಟಿದ ಶ್ರೀಕಂಠದತ್ತರು ಜಯಚಾಮರಾಜ ಒಡೆಯರ ಮಗ. ದತ್ತು ಬಂದವರೂ ಉಂಟು, ಇಲ್ಲವೆನ್ನುವುದಿಲ್ಲ. ಮುಮ್ಮಡಿಯವರು ದತ್ತು ತೆಗೆದುಕೊಂಡರು; ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, 1940ರಲ್ಲಿ ತಮ್ಮನ ಮಗ ಬಂದರು; 2015ರಲ್ಲಿ ಯದುವೀರರು ದತ್ತು ಬಂದರು, ಅವರಿಗೆ 2017ರಲ್ಲಿ ಗಂಡುಮಗುವಾಯಿತು.

ಪಟ್ಟಿಯನ್ನು ನೋಡುತ್ತ ಹೋದ ಹಾಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತು. ಆ ಮನೆಯಲ್ಲಿ ಎಷ್ಟೋ ಸಲ ಕೊರತೆಯಾದದ್ದು ಹುಟ್ಟಿದವರಿಗಲ್ಲ, ಬದುಕಿದವರಿಗೆ. ರಾಜ ಒಡೆಯರು ತೀರಿಕೊಂಡ ಮೇಲೆ ಹುಟ್ಟಿದ ಮಗ ಇಮ್ಮಡಿ ರಾಜ ಒಡೆಯನಿಗೆ 1638ರಲ್ಲಿ ದಳವಾಯಿ ವಿಕ್ರಮರಾಯ ವಿಷ ಹಾಕಿಸಿದ. 1732ರಲ್ಲಿ ದಳವಾಯಿಗಳು ತಾವೇ ಕೂರಿಸಿದ ಚಾಮರಾಜನನ್ನು ಎರಡು ವರ್ಷಕ್ಕೆ ಇಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿದರು. ಅವನು ಅಲ್ಲಿಯೇ ಸತ್ತ. ನಂಜರಾಜ 1770ರಲ್ಲಿ ಕೊಲೆಯಾದ. ಇಷ್ಟು ಮಂದಿಯ ಕೈವಾಡವನ್ನು ನಮ್ಮ ಜನ ಹೊಳೆಗೆ ಹಾರಿದ ಒಬ್ಬ ಹೆಂಗಸಿನ ತಲೆಗೆ ಕಟ್ಟಿದ್ದಾರೆ!

ಮೇಲಾಗಿ ‘ಮಕ್ಕಳು’ ಎಂಬ ಮಾತಿನ ಲೆಕ್ಕವೇ ವಿಚಿತ್ರವಾದದ್ದು. ಮುಮ್ಮಡಿಯವರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರರು ಯಾರು? ಅವರ ಸ್ವಂತ ಮಗಳ ಮಗ. ಹಾಗಾದರೆ ಮಗಳಿದ್ದಳು, ಮೊಮ್ಮಗನಿದ್ದ. ಆದರೂ ದೊರೆಗೆ ಮಕ್ಕಳಿಲ್ಲ. ಜಯಚಾಮರಾಜರಿಗೂ ಹೆಣ್ಣುಮಕ್ಕಳಿದ್ದರು. ನಮ್ಮ ಶಾಪವು ಗಂಡುಮಕ್ಕಳನ್ನು ಮಾತ್ರ ಎಣಿಸುತ್ತದೆ. ಮುಮ್ಮಡಿಯವರ ಕಾಲದಲ್ಲಿ ಈ ಎಣಿಕೆಗೆ ಒಂದು ರಾಜ್ಯದ ಬೆಲೆ ಇದ್ದಿತು. 1831ರಿಂದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಗಂಡುಸಂತಾನವಿಲ್ಲದ ಸಂಸ್ಥಾನಗಳನ್ನು ಕಂಪೆನಿ ಸರ್ಕಾರ ನುಂಗಿದ್ದನ್ನು ದೇಶವೆಲ್ಲ ಕಂಡಿತ್ತು. ಮುಮ್ಮಡಿಯವರ ದತ್ತಕಕ್ಕೆ ಒಪ್ಪಿಗೆ ಪಡೆಯಲು ದೊಡ್ಡ ಹೋರಾಟವೇ ಬೇಕಾಯಿತು. ಅಂಥ ಆತಂಕದ ಕಾಲದಲ್ಲಿ ಈ ಮೂರನೆಯ ಮಾತು ಮನೆಮನೆಯಲ್ಲಿ ಬೇರೂರಿರಬೇಕೆಂದು ನನ್ನ ಊಹೆ. ರಾಜ್ಯಕ್ಕೆ ವಾರಸುದಾರ ಬೇಕಾಗಿದ್ದ ಆ ಲೆಕ್ಕವನ್ನು, ಮುಕ್ಕಾಲು ಎಕರೆಯೂ ಇಲ್ಲದ ಮನೆಯವರು ತಮ್ಮ ಸೊಸೆಯ ಮೇಲೆ ಇಟ್ಟು ನೋಡಿದರು.

ಈಗ ಮರಳಿನ ವಿಚಾರ. ಇದನ್ನು ಮನೆಯಲ್ಲಿ ಮೊದಲ ಸಲ ಹೇಳಿದಾಗ, ಗಾಳಿ ಮರಳನ್ನು ಹೊತ್ತು ತಂದಿತೆಂದಷ್ಟೇ ಹೇಳಿದ್ದೆ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದವಳು ನಿಲ್ಲಿಸಿ, “ಗಾಳಿ ಎಲ್ಲಾ ಕಡೇನೂ ಬೀಸ್ತದೆ ಕಣ್ ಮಗಾ. ನಮ್ಮೂರಲ್ಲಿ ಬೀಸಲ್ವಾ? ನರಸೀಪುರದಲ್ಲಿ ಬೀಸಲ್ವಾ? ತಲಕಾಡಲ್ಲೇ ಯಾಕೆ ಮರಳು ಸುರೀತು, ಅದ ಹೇಳು” ಎಂದಳು. ನನ್ನ ಮೌಖಿಕ ಪರೀಕ್ಷೆಯಲ್ಲಿ ಯಾವ ಅಧ್ಯಾಪಕರೂ ಇಷ್ಟು ಸರಿಯಾದ ಪ್ರಶ್ನೆಯನ್ನು ಕೇಳಲಿಲ್ಲ.

ತಲಕಾಡು ಹೊಳೆಯ ಎಡದಂಡೆಯಲ್ಲಿದೆ, ಕಾವೇರಿ ಅಲ್ಲಿ ಊರನ್ನು ಬಳಸಿ ತಿರುಗುತ್ತದೆ. ಹೊಳೆ ತಿರುಗುವ ಕಡೆ ಹೊರಮಗ್ಗುಲಿನ ನೀರು ರಭಸವಾಗಿ ದಡವನ್ನು ಕೊರೆಯುತ್ತದೆ. ಒಳಮಗ್ಗುಲಿನ ನೀರು ಮೆಲ್ಲಗೆ ಸಾಗಿ, ಹೊತ್ತು ತಂದ ಮರಳನ್ನು ಅಲ್ಲಿಯೇ ಇಳಿಸುತ್ತದೆ. ಒಂದು ದಡದಲ್ಲಿ ಮಡು, ಎದುರು ದಡದಲ್ಲಿ ಮರಳು. ಮಾಲಂಗಿಯ ಕಡೆ ಮಡು, ತಲಕಾಡಿನ ಕಡೆ ಮರಳು ಎಂದು ಶಾಪ ಹೇಳುವುದೂ ಇದನ್ನೇ. ಹೊಳೆಯ ನಡೆಯನ್ನು ದಿನವೂ ನೋಡುವ ಜನ ಕಟ್ಟಿದ ಮಾತು ಅದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಹೊಳೆ ತುಂಬಿ ಹರಿಯುವಾಗ ಮರಳು ನೀರಿನ ಅಡಿಯಲ್ಲಿರುತ್ತದೆ, ತೊಂದರೆಯಿಲ್ಲ. ನೀರು ಇಳಿದು ಮರಳು ಒಣಗಿತೆಂದರೆ, ಮುಂಗಾರಿನ ನೈರುತ್ಯ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಹಾಕುತ್ತದೆ.

ಆದರೆ ಹೊಳೆ ಅಲ್ಲಿ ಸಾವಿರಾರು ವರ್ಷದಿಂದ ತಿರುಗುತ್ತಲೇ ಇದೆ. ಗಂಗರು ಅದೇ ತಲಕಾಡಿನಿಂದ ನೂರಾರು ವರ್ಷ ಆಳಿದರು. ಸುಮಾರು 1004ರಲ್ಲಿ ಚೋಳರು ಅದನ್ನು ಗೆದ್ದು ರಾಜರಾಜಪುರವೆಂದು ಹೆಸರಿಟ್ಟರು. ವಿಷ್ಣುವರ್ಧನ ಚೋಳರನ್ನು ಓಡಿಸಿ ತಲಕಾಡುಗೊಂಡನೆಂಬ ಬಿರುದು ಪಡೆದು, 1117ರಲ್ಲಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದ. ಮರಳು ಬೀಳುವ ಜಾಗದಲ್ಲಿ ಯಾರೂ ಇಷ್ಟು ಮೋಹದಿಂದ ಗುಡಿ ಕಟ್ಟಿಸುವುದಿಲ್ಲ. ಆಮೇಲೆ ಏನೋ ಆಗಿರಬೇಕು. ಆದದ್ದು ಒಂದು ಅಣೆಕಟ್ಟು. ತಲಕಾಡಿಗೆ ಮೇಲೆ, ಹೆಮ್ಮಿಗೆಯ ಬಳಿ, ಕಾವೇರಿಗೆ ಅಡ್ಡಲಾಗಿ ಮಾಧವಮಂತ್ರಿ ಅಣೆಕಟ್ಟೆಯಿದೆ. 14ನೆಯ ಶತಮಾನದಲ್ಲಿ ವಿಜಯನಗರದ ಮಂತ್ರಿ ಮಾಧವನು ಕಟ್ಟಿಸಿದನೆಂದು ಪ್ರತೀತಿ. ಅದು ಹೊಳೆಯ ನೀರನ್ನು ನಾಲೆಗೆ ತಿರುಗಿಸಿತು. ಕೆಳಗಡೆ ನೀರು ಕಡಿಮೆಯಾಗಿ, ತಿರುವಿನ ಮರಳು ಬಿಸಿಲಿಗೂ ಗಾಳಿಗೂ ತೆರೆದುಕೊಂಡಿತು. ಕೃಷಿ ವಿಜ್ಞಾನಿಗಳೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು 2007ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಇದೇ ವಾದವನ್ನು ಮಂಡಿಸಿದ್ದಾರೆ. ಹಾಗಾದರೆ ಮರಳಿನ ನಡೆ ಅಲಮೇಲಮ್ಮನಿಗಿಂತ ಇನ್ನೂರು ವರ್ಷ ಹಳೆಯದು. ಅವಳು ಹಾರಿದ ದಿನ ಊರು ಆಗಲೇ ಮರಳಿನಲ್ಲಿ ಕಾಲಿಟ್ಟಿತ್ತು.

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನ 1897ರ ಆವೃತ್ತಿಯಲ್ಲಿ ತಲಕಾಡಿನ ವರ್ಣನೆಯಿದೆ. ಮರಳಿನ ದಿಣ್ಣೆಗಳು ಒಂದು ಮೈಲಿಯಷ್ಟು ಹಬ್ಬಿವೆ, ಮೂವತ್ತಕ್ಕೂ ಹೆಚ್ಚು ಗುಡಿಗಳು ಅದರಡಿಯಲ್ಲಿವೆ, ವರ್ಷಕ್ಕೆ 9-10 ಅಡಿಯಂತೆ ಮರಳು ಊರಿನೊಳಕ್ಕೆ ಬರುತ್ತಿದೆ, ಜನ ಮನೆಗಳನ್ನು ಬಿಟ್ಟು ಹಿಂದೆ ಸರಿಯುತ್ತಲೇ ಇದ್ದಾರೆ ಎಂಬುದು ಅದರ ಸಾರ. ನಾನು ಕುಳಿತು ಗುಣಾಕಾರ ಮಾಡಿದೆ. 1610ರಿಂದ 1897ಕ್ಕೆ 287 ವರ್ಷ. ವರ್ಷಕ್ಕೆ ಹತ್ತಡಿಯಂತೆ 2870 ಅಡಿ. ಮೈಲಿಗೆ 5280 ಅಡಿ. ಶಾಪದ ದಿನದಿಂದ ಹೊರಟ ಮರಳಾದರೆ ಅರ್ಧ ಮೈಲಿಯನ್ನು ದಾಟಿ ಅಲ್ಲಿಯೇ ನಿಂತಿರಬೇಕಾಗಿತ್ತು. ಪೂರ್ತಿ ಮೈಲಿಗೆ ಐನೂರು ವರ್ಷಕ್ಕೂ ಹೆಚ್ಚು ಬೇಕು. ಅಂದರೆ ಮಾಧವಮಂತ್ರಿಯ ಶತಮಾನಕ್ಕೇ ಹೋಗುತ್ತದೆ! ಬಹಳ ಉಲ್ಲಾಸದಿಂದ ಇದನ್ನು ಅಧ್ಯಾಪಕರಿಗೆ ತೋರಿಸಿದೆ. ದಿಣ್ಣೆಯ ಉದ್ದವೇ ಬೇರೆ, ಅದು ನಡೆದ ದಾರಿಯೇ ಬೇರೆ. ನಿನ್ನ ಗುಣಾಕಾರ ಸರಿಯಾಗಿದೆ, ಆದರೆ ಮರಳಿಗೆ ಗುಣಾಕಾರ ಬರುವುದಿಲ್ಲ ಎಂದು ನಕ್ಕರು. ಸಾಕ್ಷ್ಯವೆಂದಲ್ಲ, ಕುತೂಹಲಕ್ಕಾಗಿ ಮಾತ್ರ ಇಲ್ಲಿ ಬರೆದಿದ್ದೇನೆ. ಈಗ ಆ ದಿಣ್ಣೆಗಳ ಮೇಲೆ ಸರ್ವೆ ಮತ್ತು ನೀಲಗಿರಿ ಮರಗಳು ಬೆಳೆದು ಮರಳನ್ನು ಹಿಡಿದಿವೆ. 1992-93ರಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯವರು ಅಲ್ಲಿ ಅಗೆದು ಶೋಧಿಸಿದರು. ಕೀರ್ತಿನಾರಾಯಣನ ಗುಡಿ ಮರಳಿನಿಂದ ಬಿಡುಗಡೆಯಾಗಿ ನಿಂತಿದೆ.

ರೈಸ್ ಅವರ ಅದೇ ಪುಟದಲ್ಲಿ ಇನ್ನೊಂದು ಮಾತಿದೆ. ನಾನು ಎರಡು ಮೂರು ಸಲ ಓದಿದೆ. ಹೀಗೆ ಮರಳಿಗೆ ಮನೆ ಬಿಟ್ಟುಕೊಡುತ್ತಿದ್ದರೂ ಊರಿನ ಜನಸಂಖ್ಯೆ ಹೆಚ್ಚುತ್ತಲೇ ಇದೆ, ಕಾರಣ ಮಾಧವಮಂತ್ರಿ ಅಣೆಕಟ್ಟಿನ ನಾಲೆಯಿಂದ ಸುತ್ತಲೂ ಸಮೃದ್ಧವಾದ ಗದ್ದೆಯ ಬೇಸಾಯ ನಡೆಯುತ್ತಿದೆ, ಎಂದು. ಒಂದೇ ಕಟ್ಟೆ ಒಂದು ಕಡೆಯಲ್ಲಿ ಮರಳನ್ನು ಕಳುಹಿಸಿತು, ಇನ್ನೊಂದು ಕಡೆಯಲ್ಲಿ ಭತ್ತವನ್ನು ಕಳುಹಿಸಿತು. ಮಾಧವಮಂತ್ರಿಯನ್ನು ಯಾರೂ ಏಕೆ ಶಪಿಸಲಿಲ್ಲವೆಂಬುದು ನನಗೆ ಆಗ ಹೊಳೆಯಿತು. ಉಣ್ಣುವ ಅನ್ನವನ್ನು ಶಪಿಸುವುದು ಹೇಗೆ? ವರ್ಷಕ್ಕೆ ಹತ್ತಡಿ ಬರುವ ಮರಳನ್ನು ಕಥೆ ಮಾಡಿ ಹೇಳುವುದೂ ಕಷ್ಟ. ಒಂದು ಸಂಜೆ ಹೊಳೆಗೆ ಹಾರಿದ ಹೆಣ್ಣಿನ ಕಥೆಯನ್ನು ಯಾರೂ ಮರೆಯುವುದಿಲ್ಲ.

ಕಳೆದ ಯುಗಾದಿ ರಜೆಯಲ್ಲಿ ಇದನ್ನೆಲ್ಲ ಜಗುಲಿಯ ಮೇಲೆ ಕುಳಿತು ಹೇಳಿದೆ. ಅಣೆಕಟ್ಟಿನ ಮಾತು ಬಂದಾಗ ಅಪ್ಪ ತಲೆಯೆತ್ತಿದರು. ನಮ್ಮ ಗದ್ದೆಯೂ ಆ ನಾಲೆಯದೇ. “ಆ ನಾಲೆ ಇಲ್ದಿದ್ರೆ ನಿನ್ನ ಕಾಲೇಜಿನ ಫೀಜು ಎಲ್ಲಿಂದ ಬರ್ತಿತ್ತು?” ಎಂದರು. ನಾನು ನಾಲೆಯನ್ನು ಬಯ್ಯುತ್ತಿಲ್ಲ ಎಂದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ಅಂಗಾದ್ರೆ ತಲಕಾಡಿನೋರ ಮನೆ ಮೇಲೆ ಬಿದ್ದಿದ್ದು ನಮ್ಮ ಗದ್ದೆ ನೀರಿನ ಮರಳು ಅನ್ನು” ಎಂದಳು. ನಾನು ಅಷ್ಟು ಚಿಕ್ಕದಾಗಿ ಹೇಳಲು ಹನ್ನೆರಡು ಪುಟ ಬರೆದಿದ್ದೆ. ಅಲಮೇಲಮ್ಮನನ್ನು ಮಾತ್ರ ಅಜ್ಜಿ ಬಿಟ್ಟುಕೊಡಲಿಲ್ಲ. ಮರಳು ಮೊದಲೇ ಬರುತ್ತಿದ್ದರೂ, ಅವಳ ಕಣ್ಣೀರು ಬಿದ್ದ ಮೇಲೆ ಜೋರಾಗಿರಬೇಕೆಂದು ವಾದಿಸಿದಳು. ಅದಕ್ಕೆ ನನ್ನಲ್ಲಿ ಗುಣಾಕಾರವಿರಲಿಲ್ಲ.

ಚಿಕ್ಕವ್ವ ಕಂಬಕ್ಕೊರಗಿ ಹೆಸರುಕಾಳು ಆರಿಸುತ್ತಿದ್ದಳು. ಮಾತು ಮುಗಿದು ಎಲ್ಲರೂ ಎದ್ದ ಮೇಲೆ ಮೊರವನ್ನು ಪಕ್ಕಕ್ಕಿಟ್ಟು, “ಆ ದೊರೆಗಳ ಪಟ್ಟೀನ ಇನ್ನೊಂದು ಸಲ ಓದು” ಎಂದಳು. ಮಗ ಹುಟ್ಟಿದ ದೊರೆಗಳ ಹೆಸರನ್ನು ಓದಿದೆ. ಅವಳು ಒಂದೊಂದು ಹೆಸರಿಗೆ ಒಂದೊಂದು ಬೆರಳು ಮಡಿಸುತ್ತ ಹೋದಳು. ಆರಾಯಿತು. ಮಡಿಸಿದ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಬಿಡಿಸಿ, “ಈಗ ಹೆಣ್ಮಕ್ಕಳನ್ನೂ ಸೇರಿಸ್ಕೊಂಡು ಓದು” ಎಂದಳು.